ಹಗುರ ಲ್ಯಾಪ್‌ಟಾಪಿನಲ್ಲಿ ಸತ್ಯವೇದ: ಒಂದು ಪದದ ಬೆನ್ನು ಹಿಡಿದು

ಅಯ್ಯನವರೇ, ಸಂಡೇ ಸ್ಕೂಲ್ ಟೀಚರುಗಳೇ, ಮಂಡ್ಯ, ಮಳವಳ್ಳಿ, ಟಿ. ನರಸೀಪುರದ ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಮೈಸೂರಿಗೆ ಬಂದಿರುವ ಸಭೆಯ ಹಿರಿಯರೇ, ಎಲ್ಲರಿಗೂ ವಂದನೆಗಳು.

ಕೀರ್ತನೆ 23 ನಮಗೆಲ್ಲ ಬಾಯಿಪಾಠ. ಅದರ ಕೊನೆಯ ವಚನದಲ್ಲಿ ಶುಭವೂ ಕೃಪೆಯೂ ನನ್ನನ್ನು ‘ಹಿಂಬಾಲಿಸುವವು’ ಎಂದಿದೆ. ಚಿಕ್ಕಂದಿನಿಂದ ಆ ಪದ ಕೇಳಿದಾಗಲೆಲ್ಲ, ಅಮ್ಮನ ಹಿಂದೆ ನಿಧಾನವಾಗಿ ನಡೆದು ಬರುವ ಮಗು ನನ್ನ ಕಣ್ಣಿಗೆ ಬರುತ್ತಿತ್ತು. ಒಂದು ಶನಿವಾರ ರಾತ್ರಿ, ಮರುದಿನದ ಪಾಠ ತಯಾರು ಮಾಡುತ್ತಾ, ಮೂಲ ಹೀಬ್ರೂವಿನಲ್ಲಿ ಅಲ್ಲಿ ಏನಿದೆ ಎಂದು ನೋಡಿದೆ. ರಾದಫ್ ಎಂಬ ಕ್ರಿಯಾಪದ. ಬೆನ್ನಟ್ಟು, ಅಟ್ಟಿಸಿಕೊಂಡು ಹೋಗು ಎಂಬುದು ಅದರ ಸಾಮಾನ್ಯ ಅರ್ಥ. ವಿಮೋಚನಕಾಂಡ 14ರಲ್ಲಿ ಫರೋಹನು ರಥಗಳನ್ನು ಕಟ್ಟಿಕೊಂಡು ಇಸ್ರಾಯೇಲ್ಯರ ಬೆನ್ನು ಹತ್ತಿದನಲ್ಲ, ಅಲ್ಲಿಯೂ ಇದೇ ಪದ. ಸೌಲನು ದಾವೀದನನ್ನು ಕಾಡಿನಲ್ಲಿ ಹುಡುಕಿಕೊಂಡು ಓಡಿದ ಕಡೆಯೂ ಇದೇ. ಶತ್ರುಗಳಿಂದ ತಪ್ಪಿಸಿಕೊಂಡು ಓಡಿದವನ ಹೆಸರಿನ ಕೀರ್ತನೆಯಲ್ಲಿ, ಬೆನ್ನಟ್ಟಿ ಬರುತ್ತಿರುವುದು ಕೃಪೆ! ನಾನು ಲ್ಯಾಪ್‌ಟಾಪ್ ಮುಚ್ಚಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ನನಗೆ ಹೀಬ್ರೂ ಬರುವುದಿಲ್ಲ. ನನ್ನ ತಂದೆ ಹಳ್ಳಿಯಲ್ಲಿ ಉಪದೇಶಿಯಾಗಿದ್ದರು. ಇಂಥ ಒಂದು ಪದ ತಿಳಿಯಬೇಕಾದರೆ ಅವರು ದೇವಶಾಸ್ತ್ರ ಓದಿ ಬಂದ ಅಯ್ಯನವರಿಗಾಗಿ ಕಾಯಬೇಕಿತ್ತು. ಇಲ್ಲವೇ ಬೆಂಗಳೂರಿಗೆ ಹೋಗಿ ಲೈಬ್ರರಿಯಲ್ಲಿ ಹುಡುಕಬೇಕಿತ್ತು. ನನ್ನ ಮುಂದಿದ್ದದ್ದು ಕಡಿಮೆ ಬೆಲೆಯ ಒಂದು ಕ್ರೋಮ್‌ಬುಕ್, ಅಷ್ಟೆ. ಅದಕ್ಕೇ ಇವತ್ತು ಇದರ ಬಗ್ಗೆ ಮಾತಾಡಲು ಒಪ್ಪಿಕೊಂಡೆ.

ಕ್ರೋಮ್‌ಬುಕ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಬ್ರೌಸರನ್ನೇ ನಡುವೆ ಇಟ್ಟು, ಗೂಗಲ್‌ನ ಕ್ರೋಮ್ಓಎಸ್ ಮೇಲೆ ನಡೆಯುವಂತೆ ಮಾಡಿದ ಲ್ಯಾಪ್‌ಟಾಪ್ ಇದು. ವಿಂಡೋಸಿಗೆ ಬರೆದ ಸಾಫ್ಟ್‌ವೇರ್ ಇದರಲ್ಲಿ ಹಾಗೇ ಕೂರುವುದಿಲ್ಲ. ವಿಂಡೋಸಿನಲ್ಲಿ ಇ-ಸ್ವೋರ್ಡ್ ಎಂಬ ಬೈಬಲ್ ಅಧ್ಯಯನದ ಸಾಫ್ಟ್‌ವೇರ್ ಬಳಸಿದವರು ಮೊದಲು ಇಲ್ಲೇ ಎಡವುತ್ತಾರೆ. ಆದರೆ ನಮ್ಮ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ. ನಿಘಂಟು, ಯಾವ ಪದ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುವ ಪದಸೂಚಿ, ಅನುವಾದಗಳು ಎಲ್ಲವೂ ಎಲ್ಲೋ ಒಂದು ಸರ್ವರಿನಲ್ಲಿವೆ. ಹುಡುಕುವ ಕೆಲಸ ಅಲ್ಲೇ ನಡೆಯುತ್ತದೆ. ನಿಮ್ಮ ಯಂತ್ರ ತೋರಿಸಿದರೆ ಸಾಕು. 4 ಜಿಬಿ ರ‍್ಯಾಮ್ ಇದ್ದರೂ ನಡೆಯುತ್ತದೆ, ಟ್ಯಾಬುಗಳನ್ನು ಜಾಸ್ತಿ ತೆರೆದಿಡಬೇಡಿ.

ನಾನು ಮಾಡುವುದು ಹೀಗೆ. ಮೊದಲು ಬೈಬಲ್ ಡಾಟ್ ಕಾಮ್ ತೆರೆಯುತ್ತೇನೆ. ಅದು ಯೂವರ್ಷನ್ ಎಂಬ ಬೈಬಲ್ ಆ್ಯಪ್‌ನವರದು. ನಮ್ಮ ಸಭೆಗಳಲ್ಲಿ ಓದುವ ಹಳೆಯ ಕನ್ನಡ ಸತ್ಯವೇದವೂ ಸರಳ ಕನ್ನಡದ ಅನುವಾದವೂ ಅಲ್ಲಿವೆ. ಆಲ್ಟ್ ಕೀ ಹಿಡಿದು ಎಡ ಚೌಕ ಬ್ರಾಕೆಟ್ ಒತ್ತಿದರೆ ಆ ಕಿಟಕಿ ಪರದೆಯ ಎಡ ಅರ್ಧಕ್ಕೆ ಹೋಗಿ ಕೂರುತ್ತದೆ. ಬಲ ಅರ್ಧದಲ್ಲಿ ಬ್ಲೂ ಲೆಟರ್ ಬೈಬಲ್ ಅಥವಾ ಸ್ಟೆಪ್ ಬೈಬಲ್, ಇವು ಮೂಲ ಭಾಷೆಯ ಪದಗಳನ್ನು ತೋರಿಸುವ ತಾಣಗಳು. ಸ್ಟೆಪ್ ಬೈಬಲನ್ನು ಕೇಂಬ್ರಿಜ್‌ನ ಟಿಂಡೇಲ್ ಹೌಸ್‌ನವರು ಮಾಡಿದ್ದು. ಎರಡೂ ಉಚಿತ. ಸ್ಟೆಪ್ ಬೈಬಲಿನ ಇಂಗ್ಲಿಷ್ ವಚನದಲ್ಲಿ ಬೇಕಾದ ಪದದ ಮೇಲೆ ಒತ್ತಿದರೆ ಹೀಬ್ರೂ ಅಥವಾ ಗ್ರೀಕ್ ಪದ ಬರುತ್ತದೆ, ಜೊತೆಗೆ ಒಂದು ನಂಬರು. ಈ ನಂಬರುಗಳು ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಪದಸೂಚಿಯಿಂದ ಬಂದವು. ರಾದಫ್‌ನ ನಂಬರು ಎಚ್7291, ಎಚ್ ಎಂದರೆ ಹೀಬ್ರೂ. ಆ ನಂಬರನ್ನು ಹಿಡಿದರೆ ಆ ಪದ ಇನ್ನೆಲ್ಲೆಲ್ಲಿ ಬಂದಿದೆ ಎಂಬ ಪಟ್ಟಿ ಸಿಗುತ್ತದೆ. ಫರೋಹ ನನಗೆ ಸಿಕ್ಕಿದ್ದು ಹಾಗೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪಟ್ಟಿಯಲ್ಲಿ ಹತ್ತು ಅರ್ಥ ಕಂಡವೆಂದು ಹತ್ತನ್ನೂ ಒಂದೇ ವಚನಕ್ಕೆ ತುಂಬಬಾರದು. ನಮ್ಮ ‘ಹಿಡಿ’ ಪದವನ್ನೇ ನೋಡಿ. ಕೈ ಹಿಡಿದೆ, ಬಸ್ ಹಿಡಿದೆ, ಮಳೆ ಹಿಡಿಯಿತು, ತುಕ್ಕು ಹಿಡಿಯಿತು. ಬಸ್ ಹಿಡಿದವನು ಬಸ್ಸನ್ನು ಮುಷ್ಟಿಯಲ್ಲಿ ಹಿಡಿದ ಅಂತ ಯಾರಾದರೂ ಪ್ರಸಂಗ ಮಾಡಿದರೆ ಒಪ್ಪುತ್ತೇವಾ? ಹೀಬ್ರೂವಿಗೂ ಅದೇ ನ್ಯಾಯ ಅಲ್ವಾ? ಹಿಂದಿನ ಮುಂದಿನ ವಚನಗಳೇ ಅರ್ಥವನ್ನು ಹೇಳಬೇಕು. ಆದ್ದರಿಂದ ಇಡೀ ಅಧ್ಯಾಯವನ್ನು ಕನ್ನಡದಲ್ಲಿ ಎರಡು ಸಲ ಓದುವ ತನಕ ನಾನು ಬಲಗಡೆಯ ಕಿಟಕಿ ತೆರೆಯುವುದಿಲ್ಲ.

ಈಗ ನೆಟ್‌ವರ್ಕ್ ವಿಷಯ. ಬನ್ನೂರಿನ ಆಚೆ ಒಂದು ಹಳ್ಳಿಯಲ್ಲಿ ಇದೇ ಕೀರ್ತನೆಯ ಪಾಠ ಇಟ್ಟುಕೊಂಡಿದ್ದೆವು. ಲ್ಯಾಪ್‌ಟಾಪ್ ತೆರೆದೆ, ಸಿಗ್ನಲ್ ಇಲ್ಲ. ಮೊಬೈಲಿನ ಹಾಟ್‌ಸ್ಪಾಟೂ ಇಲ್ಲ. ಪುಣ್ಯಕ್ಕೆ ಹಿಂದಿನ ರಾತ್ರಿ ಎರಡು ಪುಟ ಟಿಪ್ಪಣಿಯನ್ನು ಆಫ್‌ಲೈನ್ ಮಾಡಿ ಇಟ್ಟಿದ್ದೆ. ಮೊದಲ ವಚನದ ‘ಕುರುಬ’ ಎಂಬಲ್ಲಿ ಹೀಬ್ರೂವಿನಲ್ಲಿ ಇರುವುದು ‘ಮೇಯಿಸು’ ಎಂಬ ಕ್ರಿಯಾಪದದಿಂದ ಬಂದ ರೂಪ, ‘ಮೇಯಿಸುವವನು’ ಎಂದಂತೆ ಎಂದು ಓದಿ ಹೇಳಿದೆ. ಬನ್ನೂರು ಕುರಿ ಸಾಕುವ ಮನೆಯ ಹುಡುಗನೊಬ್ಬ ತಕ್ಷಣ, “ಹಂಗಾದ್ರೆ ಬೆಳಿಗ್ಗೆಯಿಂದ ಸಂಜೆಗಂಟ ಜೊತೇಲೇ ಇರ್ತಾನೆ ಸಾರ್, ಬಿಟ್ಬುಟ್ಟು ಬರಕ್ಕಾಗಲ್ಲ” ಅಂದ. ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ತಾಣದಲ್ಲೂ ಓದಿಲ್ಲ.

ಆದ್ದರಿಂದ ನೆಟ್ ಇರುವ ಜಾಗದಲ್ಲೇ ತಯಾರಿ ಮುಗಿಸಿಕೊಳ್ಳಿ. ಗೂಗಲ್ ಡ್ರೈವಿನ ಸೆಟ್ಟಿಂಗಿನಲ್ಲಿ ಆಫ್‌ಲೈನ್ ಆನ್ ಮಾಡಿದರೆ ಡಾಕ್ಸ್ ಕಡತಗಳು ಸಿಗ್ನಲ್ ಇಲ್ಲದೆಯೂ ತೆರೆಯುತ್ತವೆ. ಪ್ಲೇ ಸ್ಟೋರ್ ಇರುವ ಕ್ರೋಮ್‌ಬುಕ್ಕಿನಲ್ಲಿ ಯೂವರ್ಷನ್ ಆ್ಯಪ್ ಹಾಕಿ, ಡೌನ್‌ಲೋಡಿಗೆ ಅವಕಾಶ ಇರುವ ಅನುವಾದವನ್ನು ಇಳಿಸಿಕೊಳ್ಳಬಹುದು.

ಹಳೆಯ ಪ್ರಸಂಗಗಳನ್ನು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ನೋಡಿ, ಅರ್ಧಕ್ಕರ್ಧ. ಆ ಕಡತಗಳು ಹಳೆಯ ಫಾಂಟಿನಲ್ಲಿದ್ದರೆ ಕ್ರೋಮ್‌ಬುಕ್ಕಿನಲ್ಲಿ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಹಾಳಾಗಿಲ್ಲ, ಹೆದರಬೇಡಿ, ಅಳಿಸಲೂಬೇಡಿ. ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ಉಳಿಯುವುದು ಅಲ್ಲೇ. ಹೀಗೆ ಮಾಡಿದರೆ 20 ವರ್ಷದ ಪ್ರಸಂಗಗಳಲ್ಲಿ ‘ಕೃಪೆ’ ಎಂದು ಹುಡುಕಿದರೆ ಎಲ್ಲವೂ ಎದುರಿಗೆ ಬರುತ್ತವೆ. ನನ್ನ ತಂದೆಯ ನೋಟ್‌ಬುಕ್ಕುಗಳನ್ನು ಈಗ ಒಂದೊಂದಾಗಿ ಟೈಪ್ ಮಾಡುತ್ತಿದ್ದೇನೆ.

ಟಿಪ್ಪಣಿಯ ಪ್ರತಿ ನಿಮ್ಮ ಕೈಯಲ್ಲಿರಲಿ. ನಾನು ಒಂದು ತಾಣದಲ್ಲಿ ಎರಡು ವರ್ಷ ಬರೆದದ್ದು, ಆ ತಾಣ ನಿಂತಾಗ ಹೋಯಿತು. ಈಗ ಎಲ್ಲವನ್ನೂ ಡಾಕ್ಸಿನಲ್ಲೇ ಬರೆದು, ತಿಂಗಳಿಗೊಮ್ಮೆ ಪೆನ್‌ಡ್ರೈವಿಗೂ ಹಾಕುತ್ತೇನೆ. ಸಭೆಗೆ ಒಂದೇ ಲ್ಯಾಪ್‌ಟಾಪ್ ಇದ್ದರೆ ಪ್ರತಿಯೊಬ್ಬ ಟೀಚರೂ ತಮ್ಮ ಖಾತೆಯಿಂದ ಲಾಗಿನ್ ಆಗಲಿ. ಗೆಸ್ಟ್ ಆಗಿ ಕೂತು ಉಳಿಸಿದ ಕಡತ ಹೊರಗೆ ಬಂದ ಕೂಡಲೇ ಅಳಿಸಿಹೋಗುತ್ತದೆ. ಇನ್ನೊಂದು ಮಾತು: ಯಾರದೋ ಕಾಯಿಲೆ, ಮನೆಯ ಜಗಳ, ಪ್ರಾರ್ಥನೆಗೆಂದು ನಂಬಿ ಹೇಳಿದ್ದು, ಇವನ್ನು ಎಲ್ಲರ ಜೊತೆ ಹಂಚಿಕೊಂಡ ಕಡತದಲ್ಲಿ ದಯವಿಟ್ಟು ಬರೆಯಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಪ್‌ಡೇಟ್ ಎಂದಿನ ತನಕ ಬರುತ್ತದೆ ಎಂದು ಮೊದಲು ನೋಡಿ. ಸೆಟ್ಟಿಂಗಿನಲ್ಲಿ ‘ಅಬೌಟ್ ಕ್ರೋಮ್ಓಎಸ್’ ಒಳಗೆ ಆ ದಿನಾಂಕ ಇರುತ್ತದೆ. ಅದು ಮುಗಿದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಈಗ ತಂದವರೆಲ್ಲ ಲ್ಯಾಪ್‌ಟಾಪ್ ತೆರೆಯಿರಿ. ತರದವರು ಪಕ್ಕದವರ ಜೊತೆ ಕೂತುಕೊಳ್ಳಿ. ಎಡಗಡೆ ಕನ್ನಡ, ಕೀರ್ತನೆ 23, 6ನೇ ವಚನ. ‘ಕೃಪೆ’ ಎಂಬ ಪದಕ್ಕೆ ಹೀಬ್ರೂವಿನಲ್ಲಿ ಏನಿದೆ ಎಂದು ನೀವೇ ಹುಡುಕಿ. ಹತ್ತು ನಿಮಿಷ ಇದೆ. ಸಿಕ್ಕಿದವರು ಜೋರಾಗಿ ಹೇಳಿ.