ಸೊಪ್ಪಿನ ನೈಟ್ರೇಟ್ ಮತ್ತು ಕೂಸಿನ ನೀಲಿ ತುಟಿ

ಕೇಳುಗರೆಲ್ಲರಿಗೂ ನಮಸ್ಕಾರ. ಬಾವಿನೀರಿನಲ್ಲಿ ಕಲಸಿದ ಪುಡಿಹಾಲು ಕುಡಿದ ಹಸುಗೂಸುಗಳ ಮೈ ನೀಲಿಗಟ್ಟಿದ್ದಕ್ಕೆ ಆ ನೀರಿನಲ್ಲಿದ್ದ ನೈಟ್ರೇಟ್ ಎಂಬ ಸಾರಜನಕದ ಲವಣ ಕಾರಣವೆಂದು ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ವರದಿ ಮಾಡಿದರು. ಅದೇ ನೈಟ್ರೇಟ್ ನಾವು ದಿನವೂ ಉಣ್ಣುವ ಪಾಲಕ್, ದಂಟು, ಬೀಟ್‌ರೂಟ್‌ಗಳಲ್ಲಿಯೂ ಇದೆ.

ಗಿಡಕ್ಕೆ ಅದು ವಿಷವಲ್ಲ, ಆಹಾರ. ಬೇರು ಹೀರಿದ ನೈಟ್ರೇಟನ್ನು ಎಲೆಯು ಬಿಸಿಲಿನ ಬಲದಿಂದ ಪ್ರೋಟೀನಾಗಿ ಮಾರ್ಪಡಿಸಿಕೊಳ್ಳುತ್ತದೆ. ಯೂರಿಯಾ ವಿಪರೀತವಾದಾಗ ಅಥವಾ ಮೋಡ ಮುಸುಕಿದಾಗ, ಬಳಕೆಯಾಗದೆ ಉಳಿದದ್ದು ತೊಟ್ಟು, ದಂಟುಗಳಲ್ಲಿ ಶೇಖರವಾಗುತ್ತದೆ. ದೊಡ್ಡವರು ಇದಕ್ಕೆ ಹೆದರಿ ಸೊಪ್ಪು ಬಿಡಬೇಕಾಗಿಲ್ಲ.

ಬ್ಯಾಕ್ಟೀರಿಯಗಳು ನೈಟ್ರೇಟನ್ನು ನೈಟ್ರೈಟ್ ಆಗಿಸಿದಾಗ ತೊಂದರೆ ಆರಂಭವಾಗುತ್ತದೆ. ನೈಟ್ರೈಟ್ ರಕ್ತ ಸೇರಿ ಹಿಮೊಗ್ಲೋಬಿನ್ನಿನ ಕಬ್ಬಿಣವನ್ನು ಆಮ್ಲಜನಕ ಹೊರಲಾರದ ಸ್ಥಿತಿಗೆ ತರುತ್ತದೆ; ಹಾಗೆ ಕೆಟ್ಟದ್ದನ್ನು ಮೆಟ್‌ಹಿಮೊಗ್ಲೋಬಿನ್ ಎನ್ನುತ್ತಾರೆ. ಅದನ್ನು ಸರಿಪಡಿಸುವ ಕಿಣ್ವ ಮೊದಲ ಕೆಲವು ತಿಂಗಳ ಕೂಸಿನಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಹೊಟ್ಟೆಯ ಆಮ್ಲವೂ ಕಡಿಮೆಯಿರುವುದರಿಂದ ಬ್ಯಾಕ್ಟೀರಿಯಗಳಿಗೆ ಅಲ್ಲಿ ತಡೆಯಿಲ್ಲ. ಆಗ ತುಟಿ, ಉಗುರುಗಳು ನೇರಳೆ ಹಣ್ಣು ತಿಂದಂತೆ ಕಾಣುತ್ತವೆ. ಬಿಳಿ ಕಾಗದದ ಮೇಲೆ ಒಂದು ಹನಿ ರಕ್ತ ಬಿಟ್ಟರೆ, ಗಾಳಿಗೆ ಕೆಂಪೇರಬೇಕಾದದ್ದು ಚಾಕೊಲೇಟ್ ಬಣ್ಣದಲ್ಲಿಯೇ ಉಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬುವಂತಿಲ್ಲ. ಸ್ಥಿತಿ ಇನ್ನೂ ಬಿಗಡಾಯಿಸಿದ್ದರೂ ಅದು ತೋರಿಸುವ ಆಮ್ಲಜನಕದ ಪ್ರಮಾಣ ಶೇಕಡಾ 85ರ ಆಸುಪಾಸಿನಲ್ಲಿಯೇ ನಿಂತುಬಿಡಬಹುದು.

ಆದ್ದರಿಂದ ಎಳೆಯ ಕೂಸಿಗೆ ತಾಯಿಹಾಲೇ ಸಾಕು. ಆರು ತಿಂಗಳ ನಂತರ ಸೊಪ್ಪು ಕೊಡುವಾಗ ಆಗಲೇ ಬೇಯಿಸಿ, ಆಗಲೇ ತಿನ್ನಿಸಿ. ಬೆಳಿಗ್ಗೆ ರುಬ್ಬಿದ ಪಾಲಕ್ಕನ್ನು ಕಟ್ಟೆಯ ಮೇಲೆ ಮುಚ್ಚಿಟ್ಟು ಸಂಜೆ ಬಿಸಿ ಮಾಡಿ ಕೊಡುವ ರೂಢಿ ಬೇಡವೆಂದು ತಾಯಂದಿರನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ, ಏಕೆಂದರೆ ಆ ಹೊತ್ತಿನಲ್ಲಿ ಬಟ್ಟಲೊಳಗೇ ನೈಟ್ರೈಟ್ ಹುಟ್ಟಿಕೊಂಡಿರುತ್ತದೆ, ಮತ್ತು ಬಿಸಿ ಮಾಡಿದರೆ ಅದು ಹೋಗುವುದಿಲ್ಲ.

ನೀರಿನ ಮಾತೂ ಇದೇ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ನಮ್ಮ ದೇಶದ ಮಿತಿ. ಕರ್ನಾಟಕದ ಎಷ್ಟೋ ಕೊಳವೆಬಾವಿಗಳು ಇದನ್ನು ಮೀರಿವೆ. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ನೀರು ಇಂಗಿದಷ್ಟೂ ನೈಟ್ರೇಟ್ ಸಾಂದ್ರವಾಗುತ್ತದೆ. ಪುಡಿಹಾಲು ಅನಿವಾರ್ಯವಾದ ಮನೆಯವರು ಆ ನೀರನ್ನು ಮೊದಲೇ ಪರೀಕ್ಷೆ ಮಾಡಿಸಬೇಕು.

ತುಟಿ ನೀಲಿಯಾದ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೆಥಿಲೀನ್ ಬ್ಲೂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಸಾಮಾನ್ಯವಾಗಿ ಗಂಟೆಯೊಳಗೆ ಬಣ್ಣ ತಿರುಗುತ್ತದೆ; ಜಿ6ಪಿಡಿ ಕಿಣ್ವದ ಕೊರತೆಯಿರುವವರಿಗೆ ಮಾತ್ರ ಅದೇ ಔಷಧ ಅಪಾಯಕಾರಿ. ಕೂಸು ಏನು ತಿಂದಿತು, ಯಾವ ನೀರು ಕುಡಿಯಿತು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.