ನಾಲ್ಕು ಮಿಲಿಮೀಟರ್ ತೋಟೆಯ ಬಾಯಿಗೆ ಮದ್ದು ತುಂಬುವುದು

ನಮಸ್ಕಾರ. ನೀವೀಗ ನೋಡುತ್ತಿರುವುದು ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜು. ಒಂದು ಬಟ್ಟಲಲ್ಲಿ ಸಣ್ಣ ರವೆ, ಇನ್ನೊಂದರಲ್ಲಿ ಕತ್ತರಿಯಿಂದ ಚೂರು ಮಾಡಿದ ಶಾವಿಗೆ, ನಡುವೆ ಸೀಸೆಯ ಮೇಲೆ ಸಣ್ಣ ಮೂತಿಯ ಒಂದು ಆಲಿಕೆ. ರವೆ ಸುರಿದೆ, ಸರ್ರನೆ ಇಳಿದುಹೋಯಿತು. ಶಾವಿಗೆ ಸುರಿದೆ, ಮೂತಿಯಲ್ಲಿ ಅಡ್ಡಡ್ಡ ಸಿಕ್ಕಿ ನಿಂತಿತು. ಪಕ್ಕದಲ್ಲಿದ್ದ ಅಮ್ಮ, "ಬೆರಳಿನಿಂದ ತಟ್ಟು ಮಗಳೇ" ಎಂದರು. ತಟ್ಟಿದೆ. ತಡೆದು ನಿಂತಿದ್ದೆಲ್ಲ ಒಮ್ಮೆಗೇ ಕುಸಿದು, ಅರ್ಧದಷ್ಟು ಸೀಸೆಯ ಹೊರಗೆ ಚೆಲ್ಲಿತು.

ಇದನ್ನೇ ನಾನು ಜನವರಿಯಲ್ಲಿ ಅಮೆರಿಕದ ಕೊಲೊರಾಡೊದ ಅಣ್ಣಯ್ಯನ ಮನೆಯಲ್ಲಿ ನೋಡಿದ್ದು. ಅಲ್ಲಿ ಆಲಿಕೆಯಲ್ಲಿ ಇದ್ದದ್ದು ಶಾವಿಗೆಯಲ್ಲ, ರೈಫಲ್ ಮದ್ದು.

ಮೊದಲೇ ಹೇಳಿಬಿಡುತ್ತೇನೆ. ಮದ್ದಿನ ದೃಶ್ಯಗಳೆಲ್ಲ ಅಲ್ಲಿಯವು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಅಣ್ಣಯ್ಯ ಇರುವ ಊರಿನಲ್ಲಿ ಅದು ಅನೇಕರ ಹವ್ಯಾಸ. ಹಾರಿಸಿದ ತೋಟೆಯ ಹಿತ್ತಾಳೆ ಕೋಶವನ್ನು ಎತ್ತಿಟ್ಟುಕೊಂಡು, ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತಿ ಮತ್ತೆ ಬಳಸುತ್ತಾರೆ.

ನಮ್ಮ ಅಪಾರ್ಟ್‌ಮೆಂಟಿನ ಕನ್ನಡದ ಮಕ್ಕಳಿಬ್ಬರು ಬಾಲೇವಾಡಿಗೆ ಶೂಟಿಂಗ್ ಅಭ್ಯಾಸಕ್ಕೆ ಹೋಗುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ದಿನ ಇಡೀ ಕಟ್ಟಡವನ್ನೇ ಕುಣಿಸಿದವರು. ಆ ತೋಟೆಯನ್ನೂ ಹೀಗೆ ಮತ್ತೆ ತುಂಬಬಹುದೇ ಎಂದು ಕೇಳಿದರು. ಆಗುವುದಿಲ್ಲ ಮಕ್ಕಳೇ. ಅದು .22 ರಿಮ್‌ಫೈರ್. .22 ಎನ್ನುವುದು ತೋಟೆಯ ಅಳತೆ, ಸುಮಾರಾಗಿ ಇಂಚಿನ ಲೆಕ್ಕದಲ್ಲಿ. ಕಿಡಿ ಹೊತ್ತಿಸುವ ರಾಸಾಯನಿಕ ಅದರ ತಳದ ಅಂಚಿನೊಳಗೇ ಇರುತ್ತದೆ, ಬದಲಾಯಿಸಲು ಬೇರೆ ಕೇಪು ಇರುವುದಿಲ್ಲ.

ಅಣ್ಣಯ್ಯನ ಬಳಿ ಇದ್ದದ್ದು .17 ರೆಮಿಂಗ್ಟನ್, 1971ರಲ್ಲಿ ಬಂದ ತೋಟೆ. ಅದರ ಗುಂಡಿನ ವ್ಯಾಸ 4.37 ಮಿಲಿಮೀಟರ್. ಕೋಶದ ಕತ್ತೊಳಗೆ ಪೆನ್ಸಿಲ್ ಕೂಡ ಹೋಗುವುದಿಲ್ಲ. ಆ ಬಾಯಿಗೆ ಮದ್ದು ಸುರಿಯಬೇಕು. ಮದ್ದಿನಲ್ಲೂ ಜಾತಿಗಳಿವೆ. ಗುಂಡಗಿನ ಸಣ್ಣ ಕಾಳುಗಳದ್ದು ರವೆಯಂತೆ ಜಾರುತ್ತದೆ. ಕಡ್ಡಿಯಂತೆ ಕತ್ತರಿಸಿದ್ದು ಶಾವಿಗೆಯಂತೆ ಅಡ್ಡಗಟ್ಟುತ್ತದೆ. ಕಡ್ಡಿ ಉದ್ದವಾದಷ್ಟೂ, ಬಾಯಿ ಕಿರಿದಾದಷ್ಟೂ ಕಾಟ ಹೆಚ್ಚು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು. ಅಜ್ಜ ಬಿದಿರಿನ ಅಳತೆಯಲ್ಲಿ ಕರಿಮದ್ದು ತುಂಬಿ, ನಳಿಗೆಗೆ ಸುರಿದು, ಗಜದಿಂದ ಬಡಿಯುತ್ತಿದ್ದರು. ನಾಲ್ಕು ಕಾಳು ಅತ್ತಿತ್ತ ಬಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದನ್ನು ನೋಡಿ ಬೆಳೆದ ನನಗೆ ಅಣ್ಣಯ್ಯನ ಜಾಗರೂಕತೆ ಮೊದಲು ಅತಿಯಾಯಿತೆನಿಸಿತು. ಆದರೆ ಇದು ಹೊಗೆರಹಿತ ಮದ್ದು, ಅಳೆಯುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಇಪ್ಪತ್ತರ ಆಸುಪಾಸಿನ ಈಡಿನಲ್ಲಿ ಒಂದು ಗ್ರೇನ್ ಚೆಲ್ಲಿದರೆ ಇಪ್ಪತ್ತರಲ್ಲಿ ಒಂದು ಪಾಲು ಹೋಯಿತು. ಅದಕ್ಕಿಂತ ಭಯದ ಮಾತು ಇನ್ನೊಂದಿದೆ. ಇಲ್ಲಿ ನೋಡಿ, ಮರದ ಹಲಗೆಯ ಗುಳಿಗಳಲ್ಲಿ 50 ಕೋಶಗಳು ಬಾಯಿ ತೆರೆದು ಒತ್ತೊತ್ತಾಗಿ ನಿಂತಿವೆ. ಒಂದರಿಂದ ಚೆಲ್ಲಿದ್ದು ಪಕ್ಕದ ಬಾಯಿಗೆ ಬೀಳಬಹುದು. ಒಂದರಲ್ಲಿ ಕೊರತೆಯಾದರೆ ಗುರಿ ತಪ್ಪೀತು. ಇನ್ನೊಂದರಲ್ಲಿ ಹೆಚ್ಚಾದರೆ ರೈಫಲ್ಲಿನೊಳಗಿನ ಒತ್ತಡ ಏರುತ್ತದೆ, ಅದಕ್ಕೆ ಕೆನ್ನೆ ಆನಿಸಿಕೊಂಡಿರುವುದು ನನ್ನ ಅಣ್ಣ.

ಈಗ ಅಣ್ಣಯ್ಯನ ಕೈಗಳನ್ನು ನೋಡಿ. ಆಲಿಕೆಗೆ ಬರುವ ಮೊದಲೇ ಕೋಶದ ಬಾಯಿ ಪರೀಕ್ಷಿಸುತ್ತಿದ್ದಾನೆ. ಬಾಯಿಯ ಅಂಚಿನಲ್ಲಿ ತರಿ ಉಳಿದಿದ್ದರೆ ಕಡ್ಡಿಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ, ಅದನ್ನು ಒಳಗೂ ಹೊರಗೂ ಹೆರೆದು ನಯಗೊಳಿಸಬೇಕು. ಹಾರಿಸಿ ಹಿಗ್ಗಿದ ಕೋಶವನ್ನು ಮತ್ತೆ ಅಳತೆಗೆ ಒತ್ತುವಾಗ ಹಚ್ಚಿದ ಎಣ್ಣೆಯ ಪಸೆ ಕತ್ತಿನೊಳಗೆ ಉಳಿದರೆ ಮದ್ದು ಅಂಟುತ್ತದೆ. ನನ್ನ ಪ್ರಕಾರ ಹೆಚ್ಚಿನವರು ಅಲಕ್ಷಿಸುವುದು ಇದನ್ನೇ, ಆಮೇಲೆ ಆಲಿಕೆಯನ್ನು ದೂರುತ್ತಾರೆ.

ಆಲಿಕೆಯಲ್ಲೂ ತಪ್ಪಿರಬಹುದು, ನಿಜ. .22ರಿಂದ ಮೇಲಿನ ಎಲ್ಲಕ್ಕೂ ಆಗುವಂಥ ಸಾಮಾನ್ಯ ಆಲಿಕೆ .17ರ ಬಾಯಿಗೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಕಾಳು ಜಾರುತ್ತದೆ. ಅದಕ್ಕೆಂದೇ ಮಾಡಿದ್ದು ಬೇಕು. ಇನ್ನು ಪ್ಲಾಸ್ಟಿಕ್ಕಿನ ಗುಣ. ನಾನೀಗ ಮಾತನಾಡುವಾಗ ಹೊರಗೆ ಪುಣೆಯ ಮಳೆ ಸುರಿಯುತ್ತಿದೆ, ಆ ಸದ್ದು ನಿಮಗೂ ಕೇಳಿಸುತ್ತಿರಬಹುದು. ಈ ತೇವದ ಗಾಳಿಯಲ್ಲಿ ಪ್ಲಾಸ್ಟಿಕ್ಕಿಗೆ ಕಾಳು ಅಷ್ಟಾಗಿ ಅಂಟುವುದಿಲ್ಲ. ಕೊಲೊರಾಡೊದ ಚಳಿಗಾಲದ ಒಣ ಹವೆಯಲ್ಲಿ ಸ್ವೆಟರ್ ತೆಗೆದರೆ ಚಟಪಟ ಎನ್ನುತ್ತದೆ. ಅದೇ ಸ್ಥಿರ ವಿದ್ಯುತ್ತು ಪ್ಲಾಸ್ಟಿಕ್ ಆಲಿಕೆಯ ಒಳಗೋಡೆಗೆ ಮದ್ದನ್ನು ಹಿಡಿದಿಡುತ್ತದೆ. ಲೋಹದ ಆಲಿಕೆಯಲ್ಲಿ ಈ ಉಪದ್ರವ ಕಡಿಮೆ.

ಸುರಿಯುವ ರೀತಿಯೇ ಮುಖ್ಯ. ಮದ್ದು ತೂಗಿದ ತಟ್ಟೆಯನ್ನು ಒಮ್ಮೆಗೇ ಬಗ್ಗಿಸದೆ, ಆಲಿಕೆಯ ಒಂದು ಬದಿಗೆ ತೆಳುವಾಗಿ ಬಿಟ್ಟರೆ ಮದ್ದು ಗೋಡೆಯ ಸುತ್ತ ಸುಳಿಯುತ್ತ ಇಳಿಯುತ್ತದೆ. ಅಮ್ಮ ಮೆಂತ್ಯದ ಹಿಟ್ಟನ್ನು ಸೀಸೆಗೆ ಹಾಕುವುದೂ ಹೀಗೆಯೇ, ಅವರಿಗೆ ಯಾರೂ ಕಲಿಸಿದ್ದಲ್ಲ. ಆಲಿಕೆಯ ಕೆಳಗೆ ಉದ್ದನೆಯ ಕೊಳವೆ ಇದ್ದರೆ ಇನ್ನೂ ಒಳ್ಳೆಯದು. ಕಾಳುಗಳು ಒಂದರ ಹಿಂದೊಂದು ಬಿದ್ದು ಒತ್ತಾಗಿ ಕೂರುತ್ತವೆ, ಕತ್ತಿನವರೆಗೂ ಉಕ್ಕಿಬರುವುದಿಲ್ಲ. ಮುಗಿದ ಮೇಲೆ ಆಲಿಕೆಯ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಒಳಗೆ ಇಣುಕಿ, ಆಮೇಲೆ ನೇರವಾಗಿ ಎತ್ತಬೇಕು. ಕೈಪಿಡಿಯಲ್ಲಿ ಹೇಳಿದಷ್ಟೇ ತೂಗಿ ಹಾಕಿದರೂ ಮದ್ದು ಬಾಯಿ ಮೀರಿ ಬಂದರೆ ಅಣ್ಣಯ್ಯ ಒತ್ತಿ ತುರುಕುವುದಿಲ್ಲ. ಕೆಲಸ ನಿಲ್ಲಿಸಿ ಡಬ್ಬಿಯ ಚೀಟಿಯನ್ನೂ ತಕ್ಕಡಿಯನ್ನೂ ಮತ್ತೆ ನೋಡುತ್ತಾನೆ. ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬಿ.

ಚೆಲ್ಲಿದ್ದನ್ನು ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ ಬೇರೆ ತೆಗೆದಿಡುತ್ತಾನೆ, ಡಬ್ಬಿಗೆ ಮರಳಿ ಹಾಕುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಅಂತೂ ಹತ್ತಿರವೇ ತರಬಾರದು, ಅದರ ಮೋಟಾರಿನ ಒಂದು ಕಿಡಿ ಸಾಕು.

ಇದು ಮೊದಲ ದಿನದ ಸಂಜೆಯ ದೃಶ್ಯ, ಆಗ ಇನ್ನೂ ಪ್ಲಾಸ್ಟಿಕ್ ಆಲಿಕೆಯೇ ಇತ್ತು. 50 ಕೋಶಗಳೂ ತುಂಬಿವೆ, ಗುಂಡು ಕೂರಿಸುವುದಷ್ಟೇ ಬಾಕಿ. ಅಣ್ಣಯ್ಯ ಟಾರ್ಚನ್ನು ಓರೆಯಾಗಿ ಹಿಡಿದು ಸಾಲು ಸಾಲಾಗಿ ನೋಡುತ್ತ ಬಂದವನು ಮೂರನೆಯ ಸಾಲಿನಲ್ಲಿ ನಿಂತ. "ಇಲ್ಲಿ ನೋಡು ತಂಗಿ" ಎಂದ. ಒಂದರಲ್ಲಿ ಮದ್ದು ತಗ್ಗಿನಲ್ಲಿತ್ತು, ಅದರ ಪಕ್ಕದ್ದರಲ್ಲಿ ಕತ್ತಿನವರೆಗೆ ಏರಿತ್ತು. ಎರಡನ್ನೂ ಸುರಿದು ತೂಗಿದೆವು. ಒಂದರಲ್ಲಿ ಮೂರು ಗ್ರೇನ್ ಕಡಿಮೆ, ಇನ್ನೊಂದರಲ್ಲಿ ಅಷ್ಟೇ ಹೆಚ್ಚು. ಆಲಿಕೆಯ ಮೂತಿಯಲ್ಲಿ ಅಡ್ಡಗಟ್ಟಿ ನಿಂತದ್ದು ಮುಂದಿನ ಕೋಶದೊಳಗೆ ಕುಸಿದಿತ್ತು. ಮೇಜಿನ ಮೇಲೆ ಒಂದು ಕಾಳೂ ಚೆಲ್ಲಿರಲಿಲ್ಲ.