15 ಜಿಬಿ ತುಂಬಿದ ಮೇಲೆ: ಮೇಲ್‌ಬಾಕ್ಸ್ ಖಾಲಿ ಮಾಡುವ ಕೆಲಸ

ನಮಸ್ಕಾರ. ಪರದೆಯ ಮೇಲೆ ನೀವು ನೋಡುತ್ತಿರುವುದು, ಜಿಮೇಲ್ ಸಂಗ್ರಹದ ಜಾಗ ಮುಗಿಯುತ್ತ ಬಂದಿದೆ ಎಂಬ ಎಚ್ಚರಿಕೆ. ಇದನ್ನು ಕಂಡೂ ಕಾಣದಂತೆ ಮುಚ್ಚಿಬಿಡುವವರೇ ಹೆಚ್ಚು. ಆದರೆ ಜಾಗ ಪೂರ್ತಿ ತುಂಬಿದ ಮೇಲೆ ನಮಗೆ ಬರಬೇಕಾದ ಪತ್ರವು ಕಳುಹಿಸಿದವರಿಗೇ ಹಿಂದಿರುಗುತ್ತದೆ, ಮತ್ತು ಹಾಗೆ ಹಿಂದಿರುಗಿದ್ದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಅವರಾಗಿ ಫೋನ್ ಮಾಡಿ ತಿಳಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಆದ್ದರಿಂದ ಈ ಕೆಲಸವನ್ನು ಮುಗಿಸಿಯೇ ಏಳುವುದೆಂದು ಕುಳಿತಿದ್ದೇನೆ.

ಮೊದಲು ಸ್ಟೋರೇಜ್ ಪುಟವನ್ನು ತೆರೆಯೋಣ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ 15 ಜಿಬಿ ಮೇಲ್‌ಗಷ್ಟೇ ಮೀಸಲಲ್ಲ. ಡ್ರೈವ್ ಮತ್ತು ಫೋಟೋಸ್ ಕೂಡ ಅದರಲ್ಲಿಯೇ ಪಾಲು ಪಡೆಯುತ್ತವೆ. 2021ರ ಜೂನ್ 1ರವರೆಗೆ ತುಸು ಕುಗ್ಗಿಸಿದ ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಈಗ ಹಿಡಿಯುತ್ತಾರೆ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಇದೇ ಲೆಕ್ಕಕ್ಕೆ ಸೇರಿದೆ. ಹೀಗಿರುವಾಗ ಯಾವುದು ಎಷ್ಟು ಜಾಗ ತಿನ್ನುತ್ತಿದೆ ಎಂದು ನೋಡದೆಯೇ ಮೇಲ್ ಅಳಿಸುತ್ತ ಕುಳಿತರೆ ಬೆರಳು ನೋಯುತ್ತದೆಯೇ ಹೊರತು ಜಾಗ ಸಿಗುವುದಿಲ್ಲ. ಇಲ್ಲಿ ಮೇಲ್‌ನ ಪಾಲೇ ದೊಡ್ಡದಿದೆ, ಹಾಗಾಗಿ ಮುಂದುವರಿಯೋಣ.

ಸಾಮಾನ್ಯವಾಗಿ ಎಲ್ಲರೂ ಮೊದಲು ಕೈ ಹಾಕುವುದು ಜಾಹೀರಾತಿನ ಮೇಲ್‌ಗಳಿಗೆ. ಅದು ಸಮಯ ಹಾಳು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ಜಾಹೀರಾತು 75 ಕೆಬಿ ಎಂದಿಟ್ಟುಕೊಂಡರೆ, 1,000 ಮೇಲ್ ಅಳಿಸಿದಾಗ ಸಿಗುವುದು ಸುಮಾರು 75 ಎಂಬಿ. 25 ಎಂಬಿಯ ಮೂರೇ ಮೂರು ಮೇಲ್‌ಗಳನ್ನು ತೆಗೆದರೂ ಅಷ್ಟೇ ಜಾಗ ಸಿಗುತ್ತದೆ. ಆದ್ದರಿಂದ ಹುಡುಕುವ ಜಾಗದಲ್ಲಿ ಲಾರ್ಜರ್ ಎಂಬ ಇಂಗ್ಲಿಷ್ ಪದ, ಅದಕ್ಕೆ ಅಂಟಿದಂತೆ ಕೋಲನ್, ನಂತರ 10 ಮತ್ತು ಎಂ ಅಕ್ಷರ, ಇಷ್ಟನ್ನು ಬರೆದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳೆಲ್ಲ ಸಾಲುಗಟ್ಟಿ ಬರುತ್ತವೆ. ಪರದೆಯಲ್ಲಿರುವಂತೆಯೇ ಬರೆಯಿರಿ, ನಡುವೆ ಖಾಲಿ ಜಾಗ ಬಿಡಬೇಡಿ.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೇಲ್‌ನೊಂದಿಗೆ ಹೋಗುವ ಕಡತವು ಇದ್ದ ಹಾಗೆಯೇ ಹೋಗುವುದಿಲ್ಲ. ಪ್ರತಿ ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬದಲಿಸುವ ಬೇಸ್64 ಎಂಬ ವಿಧಾನದಲ್ಲಿ ಅದನ್ನು ಕಳುಹಿಸಲಾಗುತ್ತದೆ. ಹಾಗಾಗಿ 15 ಎಂಬಿಯ ಕಡತವು ಮೇಲ್‌ನೊಳಗೆ ಸುಮಾರು 20 ಎಂಬಿ ಆಗಿ ಕೂರುತ್ತದೆ. ಅದನ್ನೇ ನೀವು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದರೆ ಕಳುಹಿಸಿದ ಪತ್ರಗಳು ಸೇರುವ ಸೆಂಟ್‌ನಲ್ಲಿ ಮತ್ತೊಂದು ಪ್ರತಿ ಉಳಿಯುತ್ತದೆ. ಸೆಂಟ್ ಎಂಬ ಫೋಲ್ಡರ್‌ನತ್ತ ಯಾರೂ ತಿರುಗಿ ನೋಡುವುದಿಲ್ಲ, ಭಾರವೆಲ್ಲ ಅಲ್ಲಿಯೇ ಅವಿತಿರುತ್ತದೆ.

ಈಗ ಈ ಒಂದು ಮೇಲ್ ಸರಣಿಯನ್ನು ಗಮನಿಸಿ. ಇದರ ಬಗ್ಗೆ ನನಗಿರುವ ಸಿಟ್ಟು ಸಣ್ಣದಲ್ಲ. ಹೆಸರು ಬೇಡ, ಒಂದು ಕಚೇರಿಯೊಂದಿಗೆ ನಡೆದ ಪತ್ರವ್ಯವಹಾರ. ಅವರ ಪ್ರತಿ ಉತ್ತರದಲ್ಲಿಯೂ ಇರುವುದು "ಪರಿಶೀಲಿಸಿ ತಿಳಿಸುತ್ತೇವೆ" ಎಂಬ ಒಂದೇ ಸಾಲು. ಅದರ ಕೆಳಗೆ ಸಹಿ, ಸಹಿಯ ಕೆಳಗೆ ಅವರ ಲಾಂಛನ. ನೋಡಲು ಅಂಚೆಚೀಟಿಯಷ್ಟೇ ಕಾಣುವ ಆ ಲಾಂಛನವು ಗೋಡೆಗೆ ಅಂಟಿಸುವ ಭಿತ್ತಿಪತ್ರಕ್ಕೆಂದು ತಯಾರಿಸಿದ ಚಿತ್ರ; ಅದನ್ನು ಕುಗ್ಗಿಸದೆ, ತೋರುವ ಅಳತೆಯನ್ನಷ್ಟೇ ಕಿರಿದುಗೊಳಿಸಿ ಹಾಕಿದ್ದಾರೆ. ಡೌನ್‌ಲೋಡ್ ಮಾಡಿ ನೋಡಿದರೆ ಎರಡು ಎಂಬಿಗೂ ಮಿಕ್ಕಿ ಇದೆ. ಹಳೆಯ ಉತ್ತರಗಳನ್ನು ಕೆಳಗೆ ಇಟ್ಟುಕೊಂಡೇ ಹೊಸ ಉತ್ತರ ಬರೆಯುವುದರಿಂದ ಹಿಂದಿನ ಪತ್ರದ ಲಾಂಛನವೂ ಮತ್ತೆ ಜೊತೆಗೂಡುತ್ತದೆ, ನಾನು ಬರೆದ ಮರುತ್ತರವೂ ಅದನ್ನೇ ಹೊತ್ತುಕೊಂಡು ನನ್ನ ಸೆಂಟ್‌ಗೆ ಸೇರುತ್ತದೆ. ಕೊನೆಗೆ ಪರಿಶೀಲಿಸಿ ತಿಳಿಸಿದರೇ ಎಂದರೆ, ಅದೂ ಇಲ್ಲ. ನಿಮ್ಮ ಸಹಿಯಲ್ಲಿ ಚಿತ್ರವಿದ್ದರೆ ಅದು ಕೆಲವೇ ಕೆಬಿ ಇರುವಂತೆ ನೋಡಿಕೊಳ್ಳಿ, ಅಥವಾ ತೆಗೆದೇ ಹಾಕಿ. ಹೆಸರು, ಹುದ್ದೆ, ಫೋನ್ ಸಂಖ್ಯೆಗಳಿಗೆ ಅಕ್ಷರಗಳೇ ಸಾಕು.

ಮುಂದೆ ಹೋಗೋಣ, ವಿಡಿಯೊ ಉದ್ದವಾಗುತ್ತಿದೆ.

ಇದು ಬೇರೊಂದು ಪತ್ರ; ಇದರ ನಾಲ್ಕು ಸಾಲು ಬೇಕು, ಜೊತೆಗಿರುವ ಲಗತ್ತು ಬೇಡ. ಜಿಮೇಲ್‌ನ ಪುಟದಲ್ಲಿ ಲಗತ್ತನ್ನು ಮಾತ್ರ ಅಳಿಸಲು ಅವಕಾಶವಿಲ್ಲ. ಪತ್ರವನ್ನು ನಿಮಗೇ ಫಾರ್ವರ್ಡ್ ಮಾಡಿಕೊಳ್ಳಿ, ಕಳುಹಿಸುವ ಮೊದಲು ಲಗತ್ತನ್ನು ತೆಗೆಯಿರಿ, ನಂತರ ಮೂಲವನ್ನು ಅಳಿಸಿ. ಆದರೆ ಹೊಸ ಪ್ರತಿಯ ಮೇಲೆ ಇಂದಿನ ದಿನಾಂಕ ಬೀಳುತ್ತದೆ ಎಂಬುದು ನೆನಪಿರಲಿ; ದಾಖಲೆಯಾಗಿ ಬೇಕಾಗುವ ಪತ್ರಕ್ಕೆ ಈ ಉಪಾಯ ಸಲ್ಲದು.

ಇನ್ನು ಆರ್ಕೈವ್ ಗುಂಡಿಯನ್ನು ಒತ್ತಿ ಜಾಗ ಸಿಕ್ಕಿತೆಂದು ತಿಳಿಯಬೇಡಿ. ಅದು ಪತ್ರವನ್ನು ಇನ್‌ಬಾಕ್ಸ್‌ನಿಂದ ಮರೆಮಾಡುತ್ತದೆ, ಅಷ್ಟೆ. ಡಿಲೀಟ್ ಮಾಡಿದ್ದೂ ಕೂಡಲೇ ಹೋಗುವುದಿಲ್ಲ. ಟ್ರ್ಯಾಶ್‌ನಲ್ಲಿ 30 ದಿನ ಉಳಿಯುತ್ತದೆ ಮತ್ತು ಅಷ್ಟೂ ದಿನ ಜಾಗವನ್ನು ತಿನ್ನುತ್ತದೆ. ನಡುಮನೆಯ ಕಸವನ್ನು ಜಗಲಿಗೆ ಗುಡಿಸಿಟ್ಟಂತೆ. ಟ್ರ್ಯಾಶ್ ತೆರೆದು, ಖಾಲಿ ಮಾಡುವ ಸಾಲನ್ನು ಒತ್ತಿದ ಮೇಲೆಯೇ ಲೆಕ್ಕ ಇಳಿಯುತ್ತದೆ. ಅಂಕಿ ಬದಲಾಗಲು ಕೆಲವೊಮ್ಮೆ ತಡವಾಗುವುದರಿಂದ ಗಾಬರಿಯಾಗಿ ಇನ್ನಷ್ಟು ಅಳಿಸುತ್ತ ಹೋಗಬೇಡಿ.

ಜಾಹೀರಾತು ಮೇಲ್‌ಗಳ ಬಗ್ಗೆ ಆಗಲೇ ಹೇಳಿದ್ದನ್ನು ಸ್ವಲ್ಪ ಸಡಿಲಿಸುತ್ತೇನೆ. ಒಂದೊಂದಾಗಿ ಅಳಿಸುವುದು ವ್ಯರ್ಥವೇ ಸರಿ. ಆದರೆ ಕಳುಹಿಸುವವರ ವಿಳಾಸದಿಂದ ಹುಡುಕಿ, ಮೇಲಿನ ಚೌಕವನ್ನು ಒತ್ತಿದಾಗ ಆಯ್ಕೆಯಾಗುವುದು ಆ ಪುಟದ 50 ಮಾತ್ರ. ಆಗ ಸಣ್ಣಕ್ಷರದಲ್ಲಿ ಮತ್ತೊಂದು ಸಾಲು ಮೂಡುತ್ತದೆ, ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆರಿಸಬೇಕೇ ಎಂದು. ಅದನ್ನು ಒತ್ತಿದರೆ ವರ್ಷಗಟ್ಟಲೆಯ ಜಾಹೀರಾತು ಒಂದೇ ಏಟಿಗೆ ಹೋಗುತ್ತದೆ. ಅಷ್ಟು ಸುಲಭವೆಂದಾದರೆ ಅಳಿಸಿಯೇಬಿಡಿ, ನನ್ನ ಆಕ್ಷೇಪವಿಲ್ಲ. ಹಾಗೆಯೇ ಅನ್‌ಸಬ್‌ಸ್ಕ್ರೈಬ್ ಕೂಡ ಮಾಡಿ. ಅದು ಹಳೆಯದನ್ನು ಅಳಿಸುವುದಿಲ್ಲ, ಹೊಸದನ್ನು ತಡೆಯುತ್ತದೆ.

2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇವೆಂದಾಗ ಹಲವರು ಅದನ್ನು ಏಪ್ರಿಲ್ ಫೂಲ್ ಎಂದೇ ಭಾವಿಸಿದ್ದರು, ಏಕೆಂದರೆ ಆಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದುದು 2 ಎಂಬಿ. ಆ 2 ಎಂಬಿಯಲ್ಲಿ ಆಗ ಹೇಳಿದ ಆ ಕಚೇರಿಯವರ ಲಾಂಛನವೊಂದೂ ಹಿಡಿಸುತ್ತಿರಲಿಲ್ಲ.

ಅಳಿಸಲು ಮನಸ್ಸಾಗದ ಹಳೆಯ ಪತ್ರಗಳಿಗೆ ನಾನು ಒಂದು ಲೇಬಲ್ ಹಾಕಿದ್ದೇನೆ. ನಮ್ಮ ಖಾತೆಯಲ್ಲಿರುವುದರ ಪ್ರತಿಯನ್ನು ಇಳಿಸಿಕೊಳ್ಳಲು ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಆ ಲೇಬಲ್ ಒಂದನ್ನೇ ಆರಿಸಿದರೆ ಎಂಬಾಕ್ಸ್ ಎಂಬ ಮಾದರಿಯ ಕಡತವಾಗಿ ಕೊಡುತ್ತಾರೆ. ಅದನ್ನು ಥಂಡರ್‌ಬರ್ಡ್‌ನಂತಹ ಮೇಲ್ ತಂತ್ರಾಂಶಕ್ಕೆ ಸೇರಿಸಿಕೊಂಡು ಓದಬಹುದು. ಕಡತವನ್ನು ಡ್ರೈವ್‌ಗೆ ಹಾಕಬೇಕೇ ಎಂದು ಕೇಳುತ್ತದೆ, ಬೇಡವೆನ್ನಿ, ಹಾಕಿದರೆ ಅದೇ 15 ಜಿಬಿಗೆ ಮತ್ತೆ ಹೊರೆ. ಡೌನ್‌ಲೋಡ್ ಕೊಂಡಿಗೆ ಸುಮಾರು ಒಂದು ವಾರದ ಅವಧಿಯಿರುತ್ತದೆ. ನನ್ನದು ಸಿದ್ಧವಾಗಿದೆ, ಹಾರ್ಡ್ ಡಿಸ್ಕ್‌ಗೆ ಇಳಿಸಿ, ಕಡತ ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಆ ಲೇಬಲ್‌ನ ಪತ್ರಗಳನ್ನು ಅಳಿಸುತ್ತೇನೆ. ಕ್ಯಾಮೆರಾದ ಬ್ಯಾಟರಿ ಮುಗಿಯುತ್ತ ಬಂದಿದೆ, ಆ ಭಾಗವನ್ನು ಮುಂದಿನ ವಿಡಿಯೊದಲ್ಲಿ ತೋರಿಸುತ್ತೇನೆ.